ವೇದಿಕೆಯ ಹಿಂದಿನ ಮಾತು

ಮಾತಿಗೆ ಎರಡು ಮನೆಗಳುಂಟು. ಒಂದು ವೇದಿಕೆ, ಇನ್ನೊಂದು ವೇದಿಕೆಯ ಹಿಂಬದಿ. ವೇದಿಕೆಯಲ್ಲಿ ಆಡುವ ಮಾತಿಗೆ ಸಿದ್ಧತೆಯಿರುತ್ತದೆ, ಅಲಂಕಾರವಿರುತ್ತದೆ, ಕೊನೆಯಲ್ಲಿ ಚಪ್ಪಾಳೆಯೂ ಇರುತ್ತದೆ. ಹಿಂಬದಿಯ ಮಾತಿಗೆ ಇವಾವುವೂ ಇಲ್ಲ. ಆದರೆ ಮನುಷ್ಯನು ತನ್ನ ಸೋಲನ್ನು ಒಪ್ಪಿಕೊಳ್ಳುವುದು ಬಹುಮಟ್ಟಿಗೆ ಈ ಎರಡನೆಯ ಮನೆಯಲ್ಲಿಯೇ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಕುಂದುಕೊರತೆಗಳನ್ನು ಮರೆಮಾಚದೆ ಎಲ್ಲರೆದುರು ತೆರೆದಿಟ್ಟರೆಂಬುದನ್ನು ಸದ್ಭಕ್ತರು ಬಲ್ಲರು. ಅವರಿಗೆ ವೇದಿಕೆ ಬೇರೆ, ಹಿಂಬದಿ ಬೇರೆ ಎಂಬ ಭೇದವಿರಲಿಲ್ಲ. ಇಂದಿನ ಕಾಲದಲ್ಲಿ ಆ ಭೇದವು ದೊಡ್ಡದಾಗಿದೆ. ಅದನ್ನು ನೆನಪಿಸುವ ಪ್ರಸಂಗವೊಂದು 2023ರ ಕಾರ್ತಿಕ ಮಾಸದಲ್ಲಿ ಗುಂಡ್ಲುಪೇಟೆಯ ಸಮೀಪದ ಮಠವೊಂದರ ದಾಸೋಹದ ಮನೆಯಲ್ಲಿ ನಡೆಯಿತು.

ಗುಂಡ್ಲುಪೇಟೆಯು ಮೂರು ರಾಜ್ಯಗಳ ದಾರಿಗಳು ಕೂಡುವ ಊರು. ಇಲ್ಲಿಂದ ಒಂದು ಹೆದ್ದಾರಿ ಬಂಡೀಪುರದ ಕಾಡನ್ನು ಹಾಯ್ದು ಊಟಿಯ ಕಡೆಗೂ, ಇನ್ನೊಂದು ಅದೇ ಕಾಡಿನ ಬೇರೊಂದು ಭಾಗವನ್ನು ಹಾಯ್ದು ವಯನಾಡಿನ ಕಡೆಗೂ ಹೋಗುತ್ತದೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದನ್ನು ತಡೆಯಲೆಂದು ಈ ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಅಂದಿನಿಂದ ತಡವಾಗಿ ಬಂದ ಪ್ರಯಾಣಿಕರು ಗುಂಡ್ಲುಪೇಟೆಯಲ್ಲಿ ಉಳಿದುಕೊಳ್ಳುವುದು ವಾಡಿಕೆಯಾಗಿದೆ. ಅವಸರದಲ್ಲಿರುವವರನ್ನು ಅವಸರವಿಲ್ಲದ ಕಾಡು ತಡೆದು ನಿಲ್ಲಿಸುವ ಊರಿದು.

ಅಂದು ಶುಕ್ರವಾರ. ಬೆಂಗಳೂರಿನಲ್ಲಿ ಎರಡು ದಿನ ನಡೆದ ತಂತ್ರಾಂಶ ನಿರ್ಮಾಪಕರ ಸಮ್ಮೇಳನವೊಂದನ್ನು ಮುಗಿಸಿಕೊಂಡು ಆರು ಮಂದಿ ಸಾಫ್ಟ್‌ವೇರ್ ಇಂಜಿನಿಯರುಗಳು ವಯನಾಡಿಗೆ ಹೊರಟಿದ್ದರು. ನಂಜನಗೂಡಿನ ಬಳಿ ದಾರಿಯ ಪಕ್ಕದಲ್ಲಿ ಅವರ ವಾಹನ ಮುಕ್ಕಾಲು ಗಂಟೆ ನಿಂತಿತ್ತು. ಏಕೆ ನಿಂತಿತೆಂಬುದು ಮುಂದೆ ತಿಳಿಯುತ್ತದೆ. ಗುಂಡ್ಲುಪೇಟೆಯನ್ನು ದಾಟಿ ಮದ್ದೂರು ತಪಾಸಣಾ ಠಾಣೆಯನ್ನು ಮುಟ್ಟುವ ವೇಳೆಗೆ ಗೇಟು ಹಾಕಿ ಹತ್ತು ನಿಮಿಷವಾಗಿತ್ತು. ಅವರು ಊರಿಗೆ ಹಿಂದಿರುಗಿದರು. ವಸತಿಗೃಹಗಳಲ್ಲಿ ಜಾಗವಿರಲಿಲ್ಲ. ಚೆಂಡುಹೂವಿನ ಮೂಟೆಗಳನ್ನು ಲಾರಿಗೆ ಏರಿಸುತ್ತಿದ್ದ ವ್ಯಾಪಾರಿಯೊಬ್ಬನು ಅವರಿಗೆ ಮಠದ ದಾರಿಯನ್ನು ತೋರಿಸಿದನು.

ಹಸಿದು ಬಂದವರನ್ನು ಯಾರೆಂದು ವಿಚಾರಿಸುವ ಪದ್ಧತಿ ದಾಸೋಹದ ಮನೆಯಲ್ಲಿಲ್ಲ. ರಾಗಿ ಮುದ್ದೆ, ಅವರೆಕಾಳಿನ ಸಾರು, ಅನ್ನ, ಮಜ್ಜಿಗೆ ಇನ್ನೂ ಉಳಿದಿದ್ದವು. ಪೂಜ್ಯರು ಪರಸ್ಥಳಕ್ಕೆ ಬಿಜಯಂಗೈದಿದ್ದರು. ಮಠದಲ್ಲಿ ಸಂಜೆಯ ವಚನ ಪಠಣವನ್ನು ನಡೆಸಿಕೊಂಡು ಬರುತ್ತಿರುವ ನಿವೃತ್ತ ಅಧ್ಯಾಪಕರೊಬ್ಬರು ಅತಿಥಿಗಳೊಡನೆ ಪಂಕ್ತಿಯಲ್ಲಿ ಕುಳಿತರು. ಮೂವತ್ತಕ್ಕೂ ಹೆಚ್ಚು ವರ್ಷ ಈ ಸೀಮೆಯ ಶಾಲೆಗಳಲ್ಲಿ ಕನ್ನಡವನ್ನು ಬೋಧಿಸಿದವರು ಅವರು. ಪ್ರಸಾದ ಮುಗಿದ ಮೇಲೆ ಎಲ್ಲರೂ ಜಗುಲಿಗೆ ಬಂದರು. ಚಳಿ ಇತ್ತು. ಕಾರ್ತಿಕದ ಹಣತೆಗಳಲ್ಲಿ ಕೆಲವು ಇನ್ನೂ ಉರಿಯುತ್ತಿದ್ದವು.

“ಸಮ್ಮೇಳನವೆಂದರೆ ಅಲ್ಲಿ ಏನು ಮಾಡುತ್ತೀರಿ?” ಎಂದು ಅಧ್ಯಾಪಕರು ಕುತೂಹಲದಿಂದ ಕೇಳಿದರು.

ಶಿವಮೊಗ್ಗದ ಕಡೆಯ ಯುವತಿಯೊಬ್ಬಳು ವಿವರಿಸಿದಳು. ಪ್ರತಿಯೊಬ್ಬ ಭಾಷಣಕಾರನಿಗೂ ಅರ್ಧ ಗಂಟೆ ಕಾಲ. ತಾನು ಕಟ್ಟಿದ ತಂತ್ರಾಂಶವನ್ನು ಅವನು ದೊಡ್ಡ ಪರದೆಯ ಮೇಲೆ ನಡೆಸಿ ತೋರಿಸುತ್ತಾನೆ. ಅದು ಎಷ್ಟು ವೇಗವಾಗಿದೆ, ಎಷ್ಟು ಜನ ಬಳಸುತ್ತಿದ್ದಾರೆ ಎಂದು ಹೇಳುತ್ತಾನೆ. ಸಭೆಯ ಮುಂದೆ ಕೆಟ್ಟು ನಿಂತೀತೆಂಬ ಭಯದಿಂದ ಕೆಲವರು ಹಿಂದಿನ ರಾತ್ರಿಯೇ ಅದನ್ನು ಚಿತ್ರೀಕರಿಸಿಕೊಂಡು ಬಂದಿರುವುದೂ ಉಂಟು. “ನಿಜವಾಗಿ ಕಲಿಯುವುದು ಸಭಾಂಗಣದ ಒಳಗಲ್ಲ, ಹೊರಗೆ ಚಹಾ ಕುಡಿಯುವಲ್ಲಿ. ‘ಹೋದ ವರ್ಷ ನಮ್ಮದು ಮೂರು ದಿನ ಕೆಟ್ಟು ನಿಂತಿತ್ತು, ಕಾರಣ ಇಂಥದ್ದು’ ಎಂದು ಮನುಷ್ಯರು ಬಾಯಿ ಬಿಡುವುದು ಅಲ್ಲಿಯೇ. ಅದಕ್ಕೆ ‘ಹಾಲ್‌ವೇ ಟ್ರ್ಯಾಕ್’ ಎಂದು ಹೆಸರೇ ಇದೆ.”

“ಮೊಗಸಾಲೆಯ ಗೋಷ್ಠಿ ಎನ್ನಬಹುದು,” ಎಂದರು ಅಧ್ಯಾಪಕರು.

ಆ ಮಾತು ಎಲ್ಲರಿಗೂ ಹಿಡಿಸಿತು. ಗುಂಪಿನಲ್ಲಿ ಹಿರಿಯನಾದ, ಮಂಗಳೂರಿನ ಕಡೆಯ ಇಂಜಿನಿಯರನು ತನ್ನ ನೆನಪುಗಳನ್ನು ಬಿಚ್ಚಿದನು. ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಮೊದಲಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು, 2012ರವರೆಗೆ ನಡೆದ ಸಮ್ಮೇಳನಕ್ಕೆ ಅವನು ವಿದ್ಯಾರ್ಥಿಯಾಗಿದ್ದಾಗ ಹೋಗಿದ್ದನು. ಗಣಕಯಂತ್ರದ ಪರದೆಯ ಮೇಲೆ ಕನ್ನಡವು ಸರಿಯಾಗಿ ಮೂಡುವುದೇ ಆಗ ಒಂದು ಸಾಹಸವಾಗಿತ್ತಂತೆ. ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಅದನ್ನು ಸರಿಪಡಿಸುವ ಬಗೆಯನ್ನು ಅವನು ಕಲಿತದ್ದು ಯಾವ ಉಪನ್ಯಾಸದಿಂದಲೂ ಅಲ್ಲ, ಮೆಟ್ಟಿಲಿನ ಮೇಲೆ ಪಕ್ಕದಲ್ಲಿ ಕುಳಿತ ಅಪರಿಚಿತನೊಬ್ಬನಿಂದ.

ಕನ್ನಡವು ಗಣಕಯಂತ್ರವನ್ನು ಏರಿದ ಕಥೆ ಸಣ್ಣದಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾಯರು, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಅಕ್ಷರಗಳನ್ನೂ ಹೊಂದಿಸುವ ವಿನ್ಯಾಸವನ್ನು ರೂಪಿಸಿ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ನಾಡಿಗೆ ಕೊಟ್ಟರು. ‘ಕ’ ಇರುವ ಕೀಲಿಯಲ್ಲೇ ಶಿಫ್ಟ್ ಒತ್ತಿದರೆ ‘ಖ’. ಕಲಿಯಲು ಒಂದು ಸಂಜೆ ಸಾಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಆದರೆ ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬರಿಯ ಚಿಹ್ನೆಗಳ ರಾಶಿ. ಪ್ರತಿ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ ಎಂಬ ಯೂನಿಕೋಡ್ ವ್ಯವಸ್ಥೆ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಅದು ಮನೆಮನೆಗೆ ತಲಪಲು ಹತ್ತು ಹದಿನೈದು ವರ್ಷಗಳೇ ಹಿಡಿದವು. 2013ರಲ್ಲಿ ಒ. ಎಲ್. ನಾಗಭೂಷಣ ಸ್ವಾಮಿ, ಲೇಖಕ ವಸುಧೇಂದ್ರ ಇವರೊಡನೆ ಓಂಶಿವಪ್ರಕಾಶ್ ಮೊದಲಾದ ತಂತ್ರಾಂಶ ತಜ್ಞರು ಕೂಡಿ ‘ವಚನ ಸಂಚಯ’ವನ್ನು ಕಟ್ಟಿದಾಗ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕುವುದು ಸಾಧ್ಯವಾಯಿತು. ಸಂಬಳವಿಲ್ಲದೆ, ಕಚೇರಿಯ ಕೆಲಸ ಮುಗಿದ ಮೇಲೆ, ರಾತ್ರಿಯ ಹೊತ್ತು ಇಂಥ ಕೆಲಸ ಮಾಡುವವರ ದುಡಿಮೆಯನ್ನು ಶರಣರ ಪರಿಭಾಷೆಯಲ್ಲಿ ದಾಸೋಹವೆಂದಲ್ಲದೆ ಬೇರೇನೆಂದು ಕರೆಯಬೇಕು?

ಮಾತು ಹೀಗೆ ಸಾಗುತ್ತಿರಲು ಒಬ್ಬ ತರುಣನು ಮಾತ್ರ ಕಂಬಕ್ಕೆ ಒರಗಿ ಮೌನವಾಗಿದ್ದನು. ಅವನು ಚಾಮರಾಜನಗರದ ಸಮೀಪದ ಹಳ್ಳಿಯವನು. ವಾಹನವು ನಂಜನಗೂಡಿನ ಬಳಿ ನಿಂತದ್ದು ಅವನಿಂದಾಗಿ. “ಇವನೂ ಈ ಸಲ ಕನ್ನಡದ ಮೇಲೆಯೇ ಮಾತನಾಡಿದ. ತುಂಬಾ ಚಪ್ಪಾಳೆ ಬಿತ್ತು,” ಎಂದು ಯುವತಿ ಹೇಳಿದಳು. ತರುಣನು ತಲೆ ಎತ್ತಲಿಲ್ಲ. ಅಧ್ಯಾಪಕರು ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳತೊಡಗಿದನು.

ಅವನ ತಂದೆ ಅರಿಸಿನ ಬೆಳೆಯುವ ರೈತ. ತಾಯಿ ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ಸೋಮವಾರದ ಭಜನೆಗೆ ತಪ್ಪದೆ ಹೋಗುತ್ತಿದ್ದಳು. ಅಲ್ಲಿ ಕೇಳಿದ ವಚನಗಳನ್ನೂ ತತ್ತ್ವಪದಗಳನ್ನೂ ಮಾದಪ್ಪನ ಹಾಡುಗಳನ್ನೂ ಮನೆಗೆ ಬಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಪುಸ್ತಕ ನೋಡಿ ಬರೆದದ್ದಲ್ಲ, ಕಿವಿಯಿಂದ ಕೈಗೆ ಇಳಿದದ್ದು. ಆದ್ದರಿಂದ ಬಾಯಲ್ಲಿ ಇದ್ದಂತೆಯೇ ಬರಹದಲ್ಲಿ ಇತ್ತು. ಈ ಸೀಮೆಯ ಮಾತಿನಲ್ಲಿ ‘ಹ’ಕಾರ ನಿಲ್ಲುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹಳ್ಳಿ ‘ಅಳ್ಳಿ’ಯಾಗುತ್ತದೆ, ಹಾಲು ‘ಆಲು’ ಆಗುತ್ತದೆ. ಆ ತಾಯಿ ಹರನನ್ನು ‘ಅರ’ ಎಂದು ಬರೆದಿದ್ದಳು. ಇನ್ನು ಕೆಲವೆಡೆ, ತಾನು ಬಿಡುತ್ತೇನೆಂಬ ಅಳುಕಿನಿಂದಲೋ ಏನೋ, ‘ಹ’ ಬೇಡದ ಕಡೆಯಲ್ಲಿಯೂ ‘ಹ’ ಹಾಕಿದ್ದಳು.

2019ರಲ್ಲಿ ಆಕೆ ಲಿಂಗೈಕ್ಯಳಾದಳು. ಮರುವರ್ಷ ಶಾಲೆಗಳು ಮುಚ್ಚಿದ್ದಾಗ ತರುಣನ ಅಕ್ಕನ ಮಗಳು ಆರು ವಾರ ಕುಳಿತು ಆ ನೋಟುಬುಕ್ಕನ್ನೆಲ್ಲ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದಳು. “ಅಜ್ಜಿ ಬರೆದ ಹಾಗೇ ಹೊಡೆದಿದ್ದೇನೆ ಮಾವ, ಒಂದಕ್ಷರ ಬದಲಾಯಿಸಿಲ್ಲ,” ಎಂದು ಕಡತವನ್ನು ಕಳುಹಿಸಿದಳು. ತರುಣನಿಗೆ ಸಂತೋಷವಾಯಿತು, ಸ್ವಲ್ಪ ನಗೆಯೂ ಬಂದಿತು. ಅವನು ಆಗ ಬಿಡುವಿನ ವೇಳೆಯಲ್ಲಿ ಕನ್ನಡದ ಕಾಗುಣಿತ ದೋಷಗಳನ್ನು ತಾನಾಗಿ ತಿದ್ದುವ ತಂತ್ರಾಂಶವೊಂದನ್ನು ಕಟ್ಟುತ್ತಿದ್ದನು. ತಾಯಿಯ ಬರಹಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ? ಕಡತವನ್ನು ಅದರೊಳಗೆ ಹಾಯಿಸಿದನು. ಶುದ್ಧವಾದ ಪಾಠ ಹೊರಬಂದಿತು. ಅದನ್ನು ಅದೇ ಹೆಸರಿನಲ್ಲಿ ಉಳಿಸಿದನು. ಹಳೆಯ ಕಡತದ ಮೇಲೆ ಹೊಸದು ಕುಳಿತಿತು.

ಶುಕ್ರವಾರ ಅವನು ಸಮ್ಮೇಳನದ ವೇದಿಕೆಯಲ್ಲಿ ಇದನ್ನೇ ತೋರಿಸಿದನು. ಹಳ್ಳಿಯ ಒಂದು ಕೈಬರಹದ ಪುಸ್ತಕ, ಮೂರು ಸೆಕೆಂಡಿನೊಳಗೆ ಸಾವಿರಕ್ಕೂ ಮಿಕ್ಕ ತಿದ್ದುಪಡಿ. ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯಿಂದ ಇಳಿದು ಹಿಂಬದಿಗೆ ಬಂದಾಗ, ಅವನ ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ಬಿಚ್ಚಿಕೊಳ್ಳಲು ಬಂದ ಸ್ವಯಂಸೇವಕ ವಿದ್ಯಾರ್ಥಿಯೊಬ್ಬನು ಬಹಳ ಸಹಜವಾಗಿ ಕೇಳಿದನು: “ಸರ್, ತಿದ್ದುವ ಮುಂಚೆ ಅದು ಹೇಗಿತ್ತು? ನಮ್ಮಜ್ಜಿಯೂ ಹಾಗೇ ಬರೆಯುತ್ತಿದ್ದರು. ಒಂದು ಪುಟ ತೋರಿಸುತ್ತೀರಾ?”

ತೋರಿಸುತ್ತೇನೆಂದು ಲ್ಯಾಪ್‌ಟಾಪು ತೆರೆದನು. ಇರಲಿಲ್ಲ. ಅಂಚೆಪೆಟ್ಟಿಗೆಯಲ್ಲಿ ಹುಡುಕಿದನು. ಹುಡುಗಿ ಅದನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದಳು. ಆ ಪೆನ್‌ಡ್ರೈವು ಬೇರೆ ಕೆಲಸಕ್ಕೆ ಬಳಕೆಯಾಗಿ ಎಷ್ಟೋ ಕಾಲವಾಗಿತ್ತು. ನಂಜನಗೂಡಿನವರೆಗೂ ವಾಹನದಲ್ಲಿ ಹುಡುಕುತ್ತಲೇ ಇದ್ದನು. ಅಲ್ಲಿ ವಾಹನವನ್ನು ನಿಲ್ಲಿಸಿ ತಂದೆಗೆ ಫೋನು ಮಾಡಿ, ಅವ್ವನ ಪುಸ್ತಕ ಎಲ್ಲಿದೆ ಎಂದು ಕೇಳಿದನು. ತಂದೆ ಸ್ವಲ್ಪ ತಡೆದು ಹೇಳಿದರು: “ಮನೆ ಹೆಂಚು ತೆಗೆಸಿದಾಗ ಹಳೇ ಕಾಗದದ ಜೊತೆ ಹೋಯ್ತು ಕಣಪ್ಪ. ನೀನೇ ಹೇಳಿದ್ಯಲ್ಲ, ಎಲ್ಲಾ ಕಂಪ್ಯೂಟರ್‌ನಲ್ಲಿ ಐತೆ, ಇನ್ನು ಅದು ಬ್ಯಾಡ ಅಂತ.”

ಜಗುಲಿಯಲ್ಲಿ ಯಾರೂ ಮಾತನಾಡಲಿಲ್ಲ. ಕೊನೆಗೆ ಧಾರವಾಡದ ಕಡೆಯ ಯುವಕನೊಬ್ಬನು, ಗೆಳೆಯನಿಗೆ ಸಮಾಧಾನವಾಗಲೆಂದು, “ಅರ್ಥವೇನೂ ಹೋಗಿಲ್ಲವಲ್ಲ. ವಚನಗಳು ಅಚ್ಚಿನಲ್ಲಿವೆ. ಬೇಕಾದರೆ ‘ಹ’ ಇದ್ದಲ್ಲೆಲ್ಲ ‘ಅ’ ಎಂದು ಹಿಂದಕ್ಕೆ ತಿರುಗಿಸಬಹುದು,” ಎಂದನು.

“ತಿರುಗಿಸಲಾಗದು,” ಎಂದನು ತರುಣ. “ಕೆಲವು ಕಡೆ ಅವ್ವ ಸರಿಯಾಗಿಯೇ ‘ಹ’ ಬರೆದಿದ್ದಳು, ಕೆಲವು ಕಡೆ ಬಿಟ್ಟಿದ್ದಳು, ಕೆಲವು ಕಡೆ ಹೆಚ್ಚಿಗೆ ಹಾಕಿದ್ದಳು. ಈಗ ಮೂರೂ ಒಂದೇ ಆಗಿವೆ. ಯಾವುದು ಎಲ್ಲಿತ್ತೆಂದು ಯಂತ್ರಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಈ ಮಾತಿನ ತಾಂತ್ರಿಕ ಸತ್ಯವನ್ನು ಸದ್ಭಕ್ತರು ಗಮನಿಸಬೇಕು. ಗಣಕಯಂತ್ರಕ್ಕೆ ಅಕ್ಷರವೆಂದರೆ ಸಂಖ್ಯೆ. ಯೂನಿಕೋಡಿನಲ್ಲಿ ‘ಅ’ಕಾರದ ಸಂಖ್ಯೆ 3205, ‘ಹ’ಕಾರದ್ದು 3257. ತಿದ್ದುವ ತಂತ್ರಾಂಶವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತದೆ, ಅಷ್ಟೇ. ಮೂರು ಕಾಲುದಾರಿಗಳು ಒಂದು ರಸ್ತೆಗೆ ಸೇರಿದ ಮೇಲೆ, ರಸ್ತೆಯಲ್ಲಿ ನಿಂತವನು ಯಾವ ಕಾಲುದಾರಿಯಿಂದ ಬಂದನೆಂದು ರಸ್ತೆಯನ್ನು ನೋಡಿ ಹೇಳಲಾಗದು. ಬಂದ ಹೆಜ್ಜೆಯನ್ನು ಬೇರೆಡೆ ಬರೆದಿಟ್ಟಿದ್ದರೆ ಮಾತ್ರ ಹಿಂದಿರುಗುವ ಹಾದಿಯುಂಟು.

ಹಾಗೆ ಬರೆದಿಡುವ ಸಾಧನವನ್ನು ಇಂಜಿನಿಯರುಗಳೇ ಮಾಡಿಕೊಂಡಿದ್ದಾರೆ. ಯುವತಿ ಅದನ್ನು ನೆನಪಿಸಿದಳು. ಲೈನಸ್ ಟಾರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಎಂಬ ತಂತ್ರಾಂಶವನ್ನು ಇಂದು ಜಗತ್ತಿನ ಬಹುಪಾಲು ಇಂಜಿನಿಯರುಗಳು ಬಳಸುತ್ತಾರೆ. ಯಾರು, ಎಂದು, ಯಾವ ಸಾಲನ್ನು ಬದಲಾಯಿಸಿದರು, ಮುಂಚೆ ಅದು ಹೇಗಿತ್ತು ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಹತ್ತು ವರ್ಷ ಹಿಂದಿನ ರೂಪವನ್ನೂ ಮರಳಿ ತೆಗೆಯಬಹುದು. “ನಿನ್ನ ತಿದ್ದುವ ತಂತ್ರಾಂಶವನ್ನು ಅದರಲ್ಲಿಯೇ ಇಟ್ಟಿದ್ದೀಯಲ್ಲವೆ?” ಎಂದು ಅವಳು ಮೆಲ್ಲನೆ ಕೇಳಿದಳು.

“ಅದರ ಒಂದೊಂದು ಸಾಲಿನ ಇತಿಹಾಸವೂ ಇದೆ. ಅವ್ವನ ಪುಸ್ತಕದ್ದು ಮಾತ್ರ ಇಲ್ಲ. ಅದು ನನಗೆ ಕೆಲಸವೆಂದು ತೋರಲಿಲ್ಲ. ಬರೀ ಸಾಮಗ್ರಿ ಎಂದುಕೊಂಡೆ.”

ಅಧ್ಯಾಪಕರು ಬಹಳ ಹೊತ್ತು ಸುಮ್ಮನಿದ್ದರು. ಅವರಿಂದ ಸಾಂತ್ವನದ ಮಾತನ್ನು ಎಲ್ಲರೂ ನಿರೀಕ್ಷಿಸಿದ್ದರು. ಆದರೆ ಅವರು ತಮ್ಮ ಕಥೆಯನ್ನು ಹೇಳಿದರು. ಅವರೂ ಈ ಸೀಮೆಯ ಮಕ್ಕಳ ಪುಸ್ತಕಗಳಲ್ಲಿ ‘ಅಳ್ಳಿ’ಯನ್ನು ‘ಹಳ್ಳಿ’ ಎಂದು ಕೆಂಪು ಶಾಯಿಯಲ್ಲಿ ತಿದ್ದುತ್ತಲೇ ಸೇವಾವಧಿಯನ್ನು ಕಳೆದವರು. ಗಟ್ಟಿಯಾಗಿ ಓದಿಸುವಾಗ ‘ಹ’ ಬಾರದ ಮಕ್ಕಳನ್ನು ನಿಲ್ಲಿಸಿ ಹತ್ತು ಸಲ ಹೇಳಿಸಿದವರು. ತರಗತಿ ನಗುತ್ತಿತ್ತು, ನಗುವನ್ನು ಅವರು ತಡೆಯುತ್ತಿರಲಿಲ್ಲ. ಕೆಲವು ಹೆಣ್ಣುಮಕ್ಕಳು ಆಮೇಲೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟರು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ, ನಂಜನಗೂಡು ಸೀಮೆಯ ಆಡುಮಾತು ಯಾವ ಕೆಂಪು ಶಾಯಿಯೂ ತಾಗದೆ ಅಚ್ಚಾಗಿ ನಿಂತದ್ದನ್ನು ಕಂಡು ಅವರಿಗೆ ಮೊದಲು ಸಿಟ್ಟು ಬಂದಿತ್ತು. ಆ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತೆಂದು ಓದಿದ ರಾತ್ರಿ ನಿದ್ರೆ ಬರಲಿಲ್ಲ.

“ನಿಮ್ಮ ತಾಯಿ ಬೇಡದ ಕಡೆಯಲ್ಲಿ ‘ಹ’ ಹಾಕಿದ್ದರೆಂದಿರಲ್ಲ, ಆ ಅಳುಕನ್ನು ಕಲಿಸಿದವರು ನನ್ನಂಥವರು,” ಎಂದರು ಅವರು. “ತಿದ್ದಬಾರದಿತ್ತೆಂದು ನಾನು ಹೇಳುವುದಿಲ್ಲ. ಪರೀಕ್ಷೆ ಬರೆಯುವ ಮಗುವಿಗೆ ‘ಹಳ್ಳಿ’ ಬೇಕು. ಆದರೆ ಹಳೆಯದನ್ನು ಹೀನವೆಂದು ತೋರಿಸಿ ತಿದ್ದಿದೆ. ಅದು ನನ್ನ ತಪ್ಪು.”

ಆ ಮೇಲೆ ಅವರು ಓಲೆಗರಿಗಳ ಮಾತನ್ನು ತೆಗೆದರು. ತಾಳೆಯ ಗರಿಯ ಮೇಲೆ ಕಂಠದಿಂದ ಕೊರೆದು ಬರೆಯುತ್ತಿದ್ದ ಲಿಪಿಕಾರರು ಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲ. ಪ್ರತಿಯ ಕೊನೆಯಲ್ಲಿ, ತಪ್ಪುಗಳಿದ್ದರೆ ಮನ್ನಿಸಬೇಕೆಂದೂ ತಿದ್ದಿಕೊಂಡು ಓದಬೇಕೆಂದೂ ವಿನಯದಿಂದ ಕೇಳಿಕೊಳ್ಳುವುದು ಅವರಲ್ಲಿ ಅನೇಕರ ರೂಢಿ. ಓದುವಾಗ ತಿದ್ದಿಕೊಳ್ಳಿ ಎಂದರೇ ಹೊರತು ಗರಿಯನ್ನು ಕೆರೆದುಹಾಕಿ ಎನ್ನಲಿಲ್ಲ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಇಂಥ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಅನಂತರ ಬಂದ ಸಂಪಾದಕರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದು ಪಾಠವನ್ನು ಮೇಲೆ ಅಚ್ಚಿಸಿ, ಉಳಿದ ಪಾಠಗಳನ್ನು ಪುಟದ ಅಡಿಯಲ್ಲಿ ಕೊಟ್ಟರು. ಅದಕ್ಕೆ ಪಾಠಾಂತರವೆಂದು ಹೆಸರು. ಮೇಲಿನದು ಸಂಪಾದಕನ ತೀರ್ಮಾನ, ಕೆಳಗಿನದು ಆ ತೀರ್ಮಾನವನ್ನು ಮುಂದಿನವರು ಪರೀಕ್ಷಿಸಲು ಬಿಟ್ಟ ಬಾಗಿಲು.

ಹಿರಿಯ ಇಂಜಿನಿಯರನು ಇದನ್ನು ಕೇಳಿ ನೆಟ್ಟಗೆ ಕುಳಿತನು. “ಹುಡುಕುವುದಕ್ಕೆ ಬೇಕಾದ ರೂಪ ಬೇರೆ, ಉಳಿಸಬೇಕಾದ ರೂಪ ಬೇರೆ,” ಎಂದನು. ‘ಹರ’ ಎಂದು ಹುಡುಕಿದವನಿಗೆ ‘ಅರ’ ಎಂದು ಬರೆದದ್ದೂ ಸಿಗಬೇಕಾದರೆ ಶುದ್ಧ ರೂಪವೊಂದು ಬೇಕೇ ಬೇಕು. ಆದರೆ ಅದು ಮೂಲದ ಪಕ್ಕದಲ್ಲಿ ಇರಬೇಕು, ಮೂಲದ ಮೇಲೆ ಕೂರಬಾರದು. ಮೊದಲು ಪುಟದ ಛಾಯಾಚಿತ್ರ, ಅದರ ಕೆಳಗೆ ಬರೆದಂತೆಯೇ ಬೆರಳಚ್ಚು, ಅದರ ಕೆಳಗೆ ತಿದ್ದಿದ ರೂಪ, ಮೂರಕ್ಕೂ ಒಂದೇ ಗುರುತಿನ ಸಂಖ್ಯೆ. ಯುವತಿ ಅಡುಗೆಮನೆಯಿಂದ ಒಂದು ಹಾಳೆಯನ್ನು ತಂದು ಇದನ್ನೆಲ್ಲ ಬರೆದುಕೊಂಡಳು. ವೇದಿಕೆಯಿಲ್ಲದ, ಪರದೆಯಿಲ್ಲದ ಆ ಗೋಷ್ಠಿ ಮುಗಿದಾಗ ರಾತ್ರಿ ಒಂದು ಗಂಟೆ. ಹಣತೆಗಳು ಆರಿದ್ದವು.

ಬೆಳಿಗ್ಗೆ ಆರಕ್ಕೆ ಗೇಟು ತೆರೆಯಿತು. ಐದು ಮಂದಿ ವಯನಾಡಿನ ದಾರಿ ಹಿಡಿದರು. ತರುಣನು ಅವರೊಡನೆ ಹೋಗದೆ, ತೆರಕಣಾಂಬಿಯ ಮೇಲೆ ಹಾಯ್ದು ಹೋಗುವ ಬಸ್ಸನ್ನು ಹತ್ತಿ ಚಾಮರಾಜನಗರಕ್ಕೆ, ಅಲ್ಲಿಂದ ತನ್ನ ಹಳ್ಳಿಗೆ ಹೋದನು. ತಂದೆ ಹೊಲದಲ್ಲಿದ್ದರು. ಅರಿಸಿನದ ಎಲೆಗಳು ಎದೆಯ ಮಟ್ಟ ಬೆಳೆದಿದ್ದವು. ಮಗನು ನಡೆದದ್ದನ್ನೆಲ್ಲ ಹೇಳಿದನು. ತಂದೆಗೆ ಕಡತದ ವಿಷಯ ಪೂರ್ತಿ ತಿಳಿಯಲಿಲ್ಲ. ತಿಳಿದಷ್ಟನ್ನು ತಮ್ಮ ಬೇಸಾಯದಲ್ಲಿಟ್ಟು ನೋಡಿದರು. ಅರಿಸಿನವನ್ನು ಅಗೆದ ಮೇಲೆ ಬೇಯಿಸುತ್ತಾರೆ, ಒಣಗಿಸುತ್ತಾರೆ, ಪೀಪಾಯಿಯಲ್ಲಿ ಹಾಕಿ ತಿರುಗಿಸಿ ಸಿಪ್ಪೆ ಹೋಗುವಂತೆ ಉಜ್ಜುತ್ತಾರೆ. ಉಜ್ಜಿದ್ದು ಹೊಳೆಯುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬರುವುದು ಅದಕ್ಕೇ. “ಆದರೆ ಬೇಯಿಸಿದ್ದು ಮೊಳೆಯಾಕಿಲ್ಲ ಕಣಪ್ಪ. ಬಿತ್ತನೆಗೆ ಅಂತ ಒಂದಷ್ಟ ಮಣ್ಣಿನ ಸಮೇತ ಅಂಗೇ ಎತ್ತಿಡ್ಬೇಕು. ನೀ ಎಲ್ಲಾನೂ ಬೇಯಿಸ್‌ಬುಟ್ಟೆ,” ಎಂದರು. ಬೈಗುಳದ ದನಿಯಲ್ಲಿ ಅಲ್ಲ, ಬೆಳೆಯ ಲೆಕ್ಕ ಹೇಳುವ ದನಿಯಲ್ಲಿ.

ಅಂದು ಸಂಜೆ ಅವನು ತಾಯಿಯೊಡನೆ ಭಜನೆಗೆ ಹೋಗುತ್ತಿದ್ದ ಮುದುಕಿಯೊಬ್ಬರ ಮನೆಗೆ ಹೋದನು. ಆಕೆಗೆ ಓದು ಬರದು. ತಾಯಿ ಬರೆದುಕೊಳ್ಳುತ್ತಿದ್ದ ಹಾಡುಗಳಲ್ಲಿ ಹೆಚ್ಚಿನವು ಆಕೆಯ ಬಾಯಿಂದ ಬಂದವೇ. ಆಕೆ ಕಣ್ಣು ಮುಚ್ಚಿ ಹಾಡಿದರು. ‘ಅರ’ ಎಂಬ ಶಬ್ದ ಬಂದಾಗ ತರುಣನು ಫೋನನ್ನು ಕೆಳಗಿಟ್ಟು ಮುಖ ತಿರುಗಿಸಿಕೊಂಡನು. ಧ್ವನಿಮುದ್ರಣ ಮಾತ್ರ ನಡೆಯುತ್ತಲೇ ಇತ್ತು. ತಾಯಿಯ ಪುಸ್ತಕ ಹಿಂದಿರುಗಲಿಲ್ಲ, ಹಿಂದಿರುಗುವುದೂ ಇಲ್ಲ. ಒಂದು ಪದದ ಪಕ್ಕದಲ್ಲಿ ಆಕೆ ಹಾಕಿದ್ದ ಗುರುತು, ಬೇಡದ ಕಡೆ ಹಾಕಿದ ಆ ಅಳುಕಿನ ‘ಹ’, ಇವು ಇನ್ನೊಬ್ಬರ ಬಾಯಲ್ಲಿ ಸಿಗತಕ್ಕವಲ್ಲ. ಆದರೆ ಆಕೆ ಕಿವಿಗೊಟ್ಟ ದನಿಯೊಂದು ಉಳಿದಿತ್ತು.

ಆ ಬಳಿಕ ತರುಣನು ತಿಂಗಳಿಗೊಮ್ಮೆ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಹಳ್ಳಿಗಳಿ‌ಗೆ ಬರುತ್ತಿದ್ದಾನೆ. ಭಜನೆಯ ತಾಯಂದಿರ ಪುಸ್ತಕಗಳನ್ನು ಅವರ ಮನೆಯಲ್ಲಿಯೇ, ಅವರ ಎದುರಿನಲ್ಲಿಯೇ ಚಿತ್ರ ತೆಗೆದುಕೊಂಡು ಪುಸ್ತಕವನ್ನು ಅವರ ಕೈಗೇ ಹಿಂದಿರುಗಿಸುತ್ತಾನೆ. ಬರೆದಂತೆಯೇ ಬೆರಳಚ್ಚು ಮಾಡುವ ಕೆಲಸ ಅಕ್ಕನ ಮಗಳದು. ಅವಳೀಗ ಕಾಲೇಜಿನಲ್ಲಿದ್ದಾಳೆ. ಶುದ್ಧರೂಪವನ್ನು ಪಕ್ಕದಲ್ಲಿ ಬರೆಯುವ ಕೆಲಸವನ್ನು ಅಧ್ಯಾಪಕರು ವಹಿಸಿಕೊಂಡಿದ್ದಾರೆ. ಅವರು ಈಗ ಕೆಂಪು ಶಾಯಿಯನ್ನು ಬಳಸುವುದಿಲ್ಲ. ತಿದ್ದುವ ತಂತ್ರಾಂಶವನ್ನು ತರುಣನು ಬಿಟ್ಟಿಲ್ಲ. ಅದು ತಿದ್ದುವ ಮುನ್ನ ಮೂಲದ ಪ್ರತಿಯೊಂದನ್ನು ತೆಗೆದಿಡದೆ ಮುಂದುವರಿಯದಂತೆ ಅದರಲ್ಲಿ ಒಂದು ಸಾಲನ್ನು ಸೇರಿಸಿದ್ದಾನೆ.

ವೇದಿಕೆಯಲ್ಲಿ ಸಾವಿರ ತಿದ್ದುಪಡಿಗಳ ಲೆಕ್ಕ ಹೇಳಿದವನನ್ನು ವೇದಿಕೆಯ ಹಿಂದೆ ಒಬ್ಬ ಹುಡುಗನ ಪ್ರಶ್ನೆ ತಡೆದು ನಿಲ್ಲಿಸಿತು. ಒಂಬತ್ತು ಗಂಟೆಯ ಗೇಟು ಅವನನ್ನು ಜಗುಲಿಗೆ ತಂದು ಕೂರಿಸಿತು. ಶರಣರು ಅರಿವನ್ನು ಗುರುವೆಂದರು. ಆ ಅರಿವು ಮೈಕು ಬಿಚ್ಚಿಕೊಳ್ಳಲು ಬಂದ ವಿದ್ಯಾರ್ಥಿಯ ರೂಪದಲ್ಲಿಯೂ ಬರಬಹುದು, ಅರಿಸಿನದ ಹೊಲದಲ್ಲಿ ನಿಂತ ತಂದೆಯ ರೂಪದಲ್ಲಿಯೂ ಬರಬಹುದು. ಬಂದಾಗ ಒಪ್ಪಿಕೊಳ್ಳುವ ಮನಸ್ಸು ಬೇಕು.

ಸದ್ಭಕ್ತರ ಮನೆಗಳಲ್ಲಿ ತಾಯಂದಿರೋ ಅಜ್ಜಿಯರೋ ಬರೆದಿಟ್ಟ ಇಂಥ ಹಳೆಯ ಪುಸ್ತಕಗಳು ಪೆಟ್ಟಿಗೆಯ ತಳದಲ್ಲಿ ಇದ್ದಿರಬಹುದು. ಅಕ್ಷರ ತಪ್ಪಿದೆಯೆಂದು ಸಂಕೋಚಪಡಬೇಕಾಗಿಲ್ಲ, ಕಂಪ್ಯೂಟರಿಗೆ ಏರಿತೆಂದು ಹಳೆಯ ಕಾಗದಕ್ಕೆ ಹಾಕಬೇಕಾಗಿಯೂ ಇಲ್ಲ. ಬಿತ್ತನೆಯ ಗೆಡ್ಡೆಯನ್ನು ಮಣ್ಣಿನ ಸಮೇತ ಎತ್ತಿಡುವಂತೆ ಅವನ್ನು ಎತ್ತಿಡೋಣ.